ಒಂದು ಡಿಗ್ರಿ ತಪ್ಪಿದರೆ

ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 18.44 ಮೀಟರ್, ನಮ್ಮ ಕ್ರಿಕೆಟ್ ಪಿಚ್‌ಗಿಂತ ಸುಮಾರು 1.7 ಮೀಟರ್ ಕಡಿಮೆ. ಪ್ಲೇಟಿನ ಅಗಲ 43 ಸೆಂಟಿಮೀಟರ್. ಅದರ ನಟ್ಟನಡುವಿಗೆ ಗುರಿಯಿಟ್ಟ ಚೆಂಡು ಕೈಬಿಡುವಾಗ ಒಂದು ಡಿಗ್ರಿ ಪಕ್ಕಕ್ಕೆ ವಾಲಿದರೆ ಸಾಕು, ಪ್ಲೇಟ್ ತಲುಪುವಷ್ಟರಲ್ಲಿ ಸುಮಾರು 30 ಸೆಂಟಿಮೀಟರ್ ಸರಿದು ಹೊರಗೆ ಹೋಗಿರುತ್ತದೆ. ಗಾಲ್ಫಿನಲ್ಲಿ 230 ಮೀಟರ್ ದೂರದ ಹೊಡೆತಕ್ಕೆ ಅದೇ ಒಂದು ಡಿಗ್ರಿ ನಾಲ್ಕು ಮೀಟರ್ ಆಗುತ್ತದೆ. ಹುಲ್ಲಿಗೂ ಮರಳುಗುಂಡಿಗೂ ಇರುವ ಅಂತರ ಕೆಲವೊಮ್ಮೆ ಅಷ್ಟೇ.

ಒಂದರಲ್ಲಿ ಚೆಂಡು ಕೈಯಲ್ಲಿದೆ, ಇನ್ನೊಂದರಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದೆ. ಆದರೂ ಎರಡರ ಹಿಂದೆ ಕೆಲಸ ಮಾಡುವ ಯಂತ್ರ ಒಂದೇ. ಬಲ ಹುಟ್ಟುವುದು ತೋಳಿನಲ್ಲಲ್ಲ, ಪಾದದಡಿಯ ನೆಲದಲ್ಲಿ. ಅಲ್ಲಿಂದ ಸೊಂಟ, ಎದೆ, ಭುಜ, ಮಣಿಕಟ್ಟು ಹೀಗೆ ಒಂದಾದ ಮೇಲೊಂದು ತಿರುಗುತ್ತ, ಬಾರುಕೋಲಿನ ತುದಿಯಂತೆ ಕೊನೆಯ ಭಾಗ ಎಲ್ಲಕ್ಕಿಂತ ವೇಗವಾಗಿ ಚಿಮ್ಮುತ್ತದೆ. ಸೊಂಟಕ್ಕಿಂತ ಮೊದಲೇ ಕೈ ಓಡಿತೋ, ವೇಗವೂ ಹೋಯಿತು, ಗುರಿಯೂ ಹೋಯಿತು.

ಇನ್ನು ಸಮಯದ ವಿಚಾರ. ಗಾಲ್ಫ್ ಕೋಲು ಮೇಲಿನಿಂದ ಇಳಿದು ಚೆಂಡಿಗೆ ತಾಗಲು ಸುಮಾರು ಕಾಲು ಸೆಕೆಂಡ್ ಬೇಕು. ತಾಗಿಕೊಂಡಿರುವುದು ಅರ್ಧ ಮಿಲಿಸೆಕೆಂಡ್ ಮಾತ್ರ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಕ್ಷಣದಲ್ಲಿ ಕೋಲಿನ ಮುಖ ಎತ್ತ ನೋಡುತ್ತಿತ್ತು ಎಂಬುದು. ಪಿಚರ್‌ನ ತೋಳು ಮುಂದಕ್ಕೆ ಬೀಸುವುದಂತೂ ಇನ್ನೂ ಬೇಗ. ಬೆರಳು ಬಿಡುವ ಗಳಿಗೆ ಕೆಲವೇ ಮಿಲಿಸೆಕೆಂಡ್ ಹಿಂದುಮುಂದಾದರೂ ಚೆಂಡು ಎತ್ತಲೋ ಹೋಗುತ್ತದೆ. ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ ಸ್ನಾಯುವಿಗೆ ಆಜ್ಞೆ ಕಳಿಸಲು ಸೆಕೆಂಡಿನ ಆರನೇ ಒಂದು ಭಾಗವಾದರೂ ಬೇಕು. ಅಂದರೆ ತಪ್ಪು ಅರಿವಿಗೆ ಬರುವ ಹೊತ್ತಿಗೆ ತಿದ್ದುವ ಅವಕಾಶ ಮುಗಿದಿರುತ್ತದೆ.

ಹಾಗಾದರೆ ನಿಪುಣರು ಪ್ರತಿಸಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಚಲನೆ ಮಾಡುತ್ತಾರೆಯೇ? ಕೋಚ್‌ಗಳು ಹಾಗೇ ಹೇಳುತ್ತಾರೆ, ಆದರೆ ಅದು ನಿಜವಲ್ಲ. 1920ರ ದಶಕದಲ್ಲಿ ಮಾಸ್ಕೋದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್, ಉಳಿಗೆ ಸುತ್ತಿಗೆ ಬಡಿಯುವ ನುರಿತ ಕೆಲಸಗಾರರ ಚಲನೆಯನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ಅಳೆದ. ಭುಜ, ಮೊಣಕೈಗಳ ದಾರಿ ಏಟಿನಿಂದೇಟಿಗೆ ಬದಲಾಗುತ್ತಿತ್ತು. ಸುತ್ತಿಗೆಯ ತುದಿಯ ದಾರಿ ಮಾತ್ರ ಅಷ್ಟಾಗಿ ಬದಲಾಗುತ್ತಿರಲಿಲ್ಲ. ಒಂದು ಕೀಲಿನ ತಪ್ಪನ್ನು ಇನ್ನೊಂದು ಕೀಲು ಸದ್ದಿಲ್ಲದೆ ಸರಿದೂಗಿಸುತ್ತಿತ್ತು. ನನ್ನ ಮಟ್ಟಿಗೆ ನಿಖರತೆಯ ಬಗ್ಗೆ ಇದಕ್ಕಿಂತ ದೊಡ್ಡ ಸಂಗತಿ ಬೇರಿಲ್ಲ.

ಈ ಹೊಂದಾಣಿಕೆಯೊಳಗೆ ಪ್ರಜ್ಞೆ ಕೈಹಾಕಿದರೆ ಕೆಲಸ ಕೆಡುತ್ತದೆ. ಸಂಶೋಧಕಿ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಹೊಸಬರಿಗೆ ಗಾಲ್ಫ್ ಕಲಿಸಿ ನೋಡಿದಾಗ, ತಮ್ಮ ತೋಳನ್ನು ಗಮನಿಸಿದವರಿಗಿಂತ ಕೋಲಿನ ಚಲನೆಯನ್ನು ಗಮನಿಸಿದವರೇ ಗುರಿಗೆ ಹತ್ತಿರ ಹೊಡೆದರು. ಹದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಸ್ಟೀವ್ ಬ್ಲಾಸ್ ಸಾಕ್ಷಿ. 1972ರಲ್ಲಿ 19 ಪಂದ್ಯ ಗೆದ್ದ ಈ ಪಿಚರ್, ಮರುವರ್ಷ 89 ಇನಿಂಗ್ಸ್ ಕೂಡ ತುಂಬದೆ 84 ಬ್ಯಾಟರ್‌ಗಳಿಗೆ ಪುಕ್ಕಟೆಯಾಗಿ ಮೊದಲ ಬೇಸ್ ಬಿಟ್ಟುಕೊಟ್ಟ. ಕೈಗೆ ಪೆಟ್ಟಾಗಿರಲಿಲ್ಲ, ಗುರಿ ಮಾತ್ರ ಮಾಯವಾಗಿತ್ತು. ಹೊಡೆಯುವ ಗಳಿಗೆಯಲ್ಲಿ ಕೈ ತಾನಾಗಿ ಅದುರಿ ಗಾಲ್ಫಿಗರನ್ನು ಕಾಡುವ ‘ಯಿಪ್ಸ್’ ಇದರ ಹತ್ತಿರದ ನೆಂಟ. ಬರ್ನ್‌ಹಾರ್ಡ್ ಲ್ಯಾಂಗರ್‌ನಂಥ ಹೆಸರಾಂತ ಗಾಲ್ಫಿಗನನ್ನೂ ಅದು ಬಿಡಲಿಲ್ಲ.

ಇಷ್ಟು ಹೋಲಿಕೆಯಿದ್ದರೆ ಒಬ್ಬ ಪಿಚರ್ ನೇರವಾಗಿ ಗಾಲ್ಫಿಗೆ ಜಿಗಿಯಬಹುದೆ? ಅರ್ಧ ಹೌದು. ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದ ಪಿಚರ್ ಜಾನ್ ಸ್ಮೋಲ್ಟ್ಸ್, ಅರ್ಹತಾ ಸುತ್ತು ಆಡಿ 2018ರ ಯು.ಎಸ್. ಸೀನಿಯರ್ ಓಪನ್ ಗಾಲ್ಫ್ ಪಂದ್ಯಾವಳಿಗೆ ಪ್ರವೇಶ ಗಿಟ್ಟಿಸಿದ. ಮೊದಲೆರಡು ಸುತ್ತು ಮುಗಿದಾಗ, ಮುಂದುವರಿಯಲು ಬೇಕಾದ ಸ್ಕೋರ್ ಮಿತಿಯಾದ ‘ಕಟ್’ ದಾಟಲಾಗದೆ ಹೊರಬಿದ್ದ.