ಸುಲ್ತಾನಾಳ ದೇಶಕ್ಕೆ ಕೊನೆಯ ಬಸ್ಸು

ಎರಡು ದಶಕಗಳ ಹಿಂದಿನ ಮಾತು. ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಉಪನ್ಯಾಸಕನಾಗಿದ್ದೆ. ಒಂದು ಮಧ್ಯಾಹ್ನ, ಪಠ್ಯದಲ್ಲಿ ಇಲ್ಲದಿದ್ದರೂ, ಬೇಗಂ ರೊಕೇಯಾ ಸಖಾವತ್ ಹುಸೇನ್ ಅವರ ‘ಸುಲ್ತಾನಾಸ್ ಡ್ರೀಮ್’ ಕಥೆಯನ್ನು ವಿದ್ಯಾರ್ಥಿಗಳಿಗೆ ಓದಿ ಹೇಳಿದೆ. ಹೆಂಗಸರೇ ಆಳುವ, ಗಂಡಸರು ಅಂತಃಪುರದೊಳಗೆ ಮಕ್ಕಳನ್ನು ನೋಡಿಕೊಂಡಿರುವ ಒಂದು ಕಲ್ಪಿತ ದೇಶದ ಕಥೆ ಅದು. ಆ ದೇಶದ ಜನ ಆಕಾಶಗಾಡಿಯಲ್ಲಿ ಓಡಾಡುತ್ತಾರೆ ಎಂದಾಗ ತರಗತಿ ಕಣ್ಣರಳಿಸಿತು. ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, ‘ಸಾರ್, ಆ ಗಾಡಿಗೆ ಕೊನೆಯ ಟ್ರಿಪ್ಪು ಎಷ್ಟು ಗಂಟೆಗೆ?’ ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಮಾತ್ರ ನಗಲಿಲ್ಲ. ಅವಳ ಊರಿನ ಕಡೆಗೆ ಕೊನೆಯ ಬಸ್ಸು ಸಂಜೆ ಐದೂವರೆಗೆ ಹೊರಡುತ್ತಿತ್ತು.

ಆ ಪ್ರಶ್ನೆ ಎಷ್ಟು ಸರಿಯಾದ ಪ್ರಶ್ನೆಯಾಗಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ರೊಕೇಯಾ ಅವರ ಬದುಕನ್ನೂ ಉಳಿದ ಬರಹಗಳನ್ನೂ ಓದಿದ ಮೇಲೆ.

ರೊಕೇಯಾ 1880ರಲ್ಲಿ ರಂಗಪುರದ ಪೈರಾಬಂದ್ ಎಂಬ ಹಳ್ಳಿಯ ಜಮೀನ್ದಾರರ ಮನೆಯಲ್ಲಿ ಹುಟ್ಟಿದವರು. ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ಬಾಲ್ಯದಿಂದಲೇ ಕಟ್ಟುನಿಟ್ಟಿನ ಪರದೆ. ಹೆಣ್ಣುಮಕ್ಕಳಿಗೆ ಬಂಗಾಳಿಯಾಗಲಿ ಇಂಗ್ಲಿಷಾಗಲಿ ಬೇಡ ಎನ್ನುತ್ತಿದ್ದ ಮನೆ. ಎಲ್ಲರೂ ಮಲಗಿದ ಮೇಲೆ ಅಣ್ಣ ದೀಪದ ಬೆಳಕಿನಲ್ಲಿ ತಂಗಿಗೆ ಅಕ್ಷರ ಕಲಿಸಿದ. ಮುಂದೆ ಭಾಗಲಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದ ಸಖಾವತ್ ಹುಸೇನರ ಕೈಹಿಡಿದರು. ಪತಿ ಪ್ರವಾಸದಲ್ಲಿದ್ದಾಗ ಹೊತ್ತು ಕಳೆಯಲೆಂದು ಇಂಗ್ಲಿಷಿನಲ್ಲಿ ಬರೆದ ಈ ಕಥೆ 1905ರಲ್ಲಿ, ಕಮಲಾ ಸತ್ತಿಯನಾಥನ್ ಅವರು ಮದರಾಸಿನಿಂದ ಹೊರಡಿಸುತ್ತಿದ್ದ ‘ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ರೈಟ್ ಸಹೋದರರ ವಿಮಾನ ಮೊದಲ ಬಾರಿಗೆ ನೆಲಬಿಟ್ಟು ಎದ್ದು ಆಗ ಎರಡು ವರ್ಷವಷ್ಟೇ ಆಗಿತ್ತು.

ಕಥೆಯ ನಾರಿದೇಶದಲ್ಲಿ ರೈಲಿಲ್ಲ. ಕಲ್ಲು ಹಾಸಿದ ರಸ್ತೆಯೂ ಇಲ್ಲ. ದಾರಿಗಳೆಲ್ಲ ಹೂವು, ಪಾಚಿಗಳ ಮೆತ್ತನೆಯ ತೋಟ. ದೂರ ಹೋಗಬೇಕಾದವರಿಗೆ ಆಕಾಶಗಾಡಿಯಿದೆ. ಒಂದು ಚೌಕಾಕಾರದ ಹಲಗೆ, ಅದರ ಮೇಲೆ ಕುರ್ಚಿಗಳು, ಭಾರವನ್ನು ಎತ್ತಲು ಜಲಜನಕ ತುಂಬಿದ ಎರಡು ಗೋಳಗಳು, ವಿದ್ಯುತ್ತಿನಿಂದ ತಿರುಗುವ ರೆಕ್ಕೆಗಳು. ಬೇರೆ ಬೇರೆ ತೂಕಕ್ಕೆ ಬೇರೆ ಬೇರೆ ಅಳತೆಯ ಗೋಳಗಳು. ರೈಲೂ ರಸ್ತೆಯೂ ಇಲ್ಲವಾದ್ದರಿಂದ ಅಲ್ಲಿ ಅಪಘಾತವೂ ಇಲ್ಲ.

ರೈಲು ಪ್ರಗತಿಯ ಲಾಂಛನವಾಗಿದ್ದ ಕಾಲದಲ್ಲಿ, ವಿಜ್ಞಾನದ ಮೇಲೆ ಅಷ್ಟು ಭರವಸೆಯಿಟ್ಟ ಲೇಖಕಿ ತಮ್ಮ ಆದರ್ಶ ದೇಶದಿಂದ ರೈಲನ್ನೇ ಏಕೆ ಹೊರಗಿಟ್ಟರು? ಕಥೆ ಇದಕ್ಕೆ ಉತ್ತರ ಕೊಡುವುದಿಲ್ಲ. ಆದರೆ 1931ರಲ್ಲಿ ಪುಸ್ತಕವಾಗಿ ಬಂದ ಅವರ ‘ಅವರೋಧವಾಸಿನಿ’ಯಲ್ಲಿ, ಪರದೆಯೊಳಗಿನ ಬದುಕಿನ 47 ಪ್ರಸಂಗಗಳ ನಡುವೆ, ಉತ್ತರದ ಸುಳಿವು ಇದೆ ಎಂದು ನನಗನ್ನಿಸುತ್ತದೆ.

ಪತಿಯ ಕಡೆಯ ದೂರದ ಬಂಧುವೊಬ್ಬರು ಭಾಗಲಪುರದಿಂದ ಪಟ್ನಾಕ್ಕೆ ಹೊರಟಿದ್ದರಂತೆ. ಜೊತೆಗಿದ್ದದ್ದು ಒಬ್ಬ ದಾಸಿ ಮಾತ್ರ. ಕಿಯೂಲ್ ನಿಲ್ದಾಣದಲ್ಲಿ ಗಾಡಿ ಬದಲಿಸುವಾಗ ಬುರ್ಖಾ ಕಾಲಿಗೆ ತೊಡರಿ ಆಕೆ ಹಳಿಯ ಮೇಲೆ ಬಿದ್ದರು. ಕೂಲಿಗಳು ಎತ್ತಲು ಧಾವಿಸಿದರು. ಬೇಗಂ ಅವರನ್ನು ಪರಪುರುಷರು ಮುಟ್ಟಕೂಡದು ಎಂದು ದಾಸಿ ಅಡ್ಡ ನಿಂತಳು. ಅವಳೊಬ್ಬಳಿಂದ ಎತ್ತಲಾಗಲಿಲ್ಲ. ಸುಮಾರು ಅರ್ಧ ಗಂಟೆ ಕಾದ ಮೇಲೆ ರೈಲು ಹೊರಟಿತು. ನಿಲ್ದಾಣದ ತುಂಬ ಜನರಿದ್ದರು. ಎಲ್ಲರ ಕಣ್ಣೆದುರೇ ಆಕೆ ಜಜ್ಜಿಹೋದರು. ಹನ್ನೊಂದು ಗಂಟೆಗಳ ಯಾತನೆಯ ಬಳಿಕ ಪ್ರಾಣ ಬಿಟ್ಟರು.

ಅದೇ ಪುಸ್ತಕದ ಇನ್ನೊಂದು ಪ್ರಸಂಗದಲ್ಲಿ, ಪ್ಲಾಟ್‌ಫಾರಂ ಮೇಲೆ ಬುರ್ಖಾ ತೊಟ್ಟ ಹೆಂಗಸರನ್ನು ಕುಳ್ಳಿರಿಸಿ ಮೇಲೊಂದು ಜಮಖಾನ ಹೊದಿಸಲಾಗಿದೆ. ರೈಲ್ವೆ ನೌಕರನೊಬ್ಬ ಸಾಮಾನಿನ ಗಂಟು ಎಂದು ತಿಳಿದು ಬೂಟುಗಾಲಿನಿಂದ ಒದೆಯುತ್ತಾನೆ. ಒಳಗಿದ್ದವರು ಸದ್ದೆತ್ತುವುದಿಲ್ಲ. ಪರದೆ ಒಂದೇ ಧರ್ಮದವರ ಕಥೆ ಎಂದು ಯಾರೂ ತಿಳಿಯಬಾರದು. ಗಂಗಾಸ್ನಾನಕ್ಕೆ ಹೋಗಿದ್ದ ಹಿಂದೂ ಮನೆಯ ಸೊಸೆಯೊಬ್ಬಳು, ಸೆರಗಿನ ಮರೆಯಿಂದ ಗಂಡನ ಮುಖವನ್ನು ಸರಿಯಾಗಿ ನೋಡಿಯೇ ಇರದ ಕಾರಣ, ಅಂಥದೇ ಹಳದಿ ಅಂಚಿನ ಧೋತ್ರ ಉಟ್ಟ ಬೇರೊಬ್ಬನ ಹಿಂದೆ ನಡೆದುಹೋದದ್ದೂ ಅಲ್ಲಿದೆ.

ರೈಲು ಎಲ್ಲರಿಗಾಗಿ ಬಂದಿತ್ತು. ಹೆಣ್ಣು ಅದರಲ್ಲಿ ಪ್ರಯಾಣ ಮಾಡಲಿಲ್ಲ, ಸಾಗಿಸಲ್ಪಟ್ಟಳು. ನಾರಿದೇಶದ ದೊಡ್ಡ ಸಾಧನೆ ಆಕಾಶಗಾಡಿ ಎಂದು ನಾನು ಮೊದಲ ಓದಿನಲ್ಲಿ ಭಾವಿಸಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಕಥೆಯ ಆರಂಭದಲ್ಲಿ ಸುಲ್ತಾನಾ ಹಗಲಿನಲ್ಲಿ ಬೀದಿಯಲ್ಲಿ ನಡೆಯಲು ನಾಚುತ್ತಾಳೆ. ದಾರಿಹೋಕ ಹೆಂಗಸರು ಅವಳನ್ನು ನೋಡಿ, ಇವಳು ಗಂಡಸರ ಹಾಗೆ ಅಂಜುಬುರುಕಿ ಎಂದು ನಗುತ್ತಾರೆ. ಸ್ವಲ್ಪ ಹೊತ್ತಿಗೆ ಅವಳ ಅಂಜಿಕೆ ಬಿಡುತ್ತದೆ. ನಿರ್ಭಯವಾಗಿ ಬೀದಿಯಲ್ಲಿ ನಡೆಯುವುದು ಸಾಧ್ಯವಾದ ಮೇಲೆ ತಾನೇ ಹಾರುವ ಮಾತು? ಗಂಡಸರನ್ನು ಒಳಗೆ ಕೂಡಿಹಾಕಿದ್ದು ನ್ಯಾಯವಲ್ಲ, ನಿಜ. ಅದು ನಮ್ಮ ಮುಖಕ್ಕೆ ಹಿಡಿದ ಕನ್ನಡಿ. ಅದನ್ನು ಓದಿ ನಮಗೆ ಆಗುವ ಕಸಿವಿಸಿಯೇ ಆ ಕಥೆಯ ಉದ್ದೇಶ.

ಕಲ್ಪಿತ ದೇಶಗಳ ಸಂಚಾರ ವ್ಯವಸ್ಥೆಯನ್ನು ನೋಡಿದರೆ, ಅಲ್ಲೆಲ್ಲ ವಾಹನಕ್ಕಿಂತ ಮುಖ್ಯವಾದದ್ದು ಅನುಮತಿ. ಥಾಮಸ್ ಮೋರ್ 1516ರಲ್ಲಿ ಬರೆದ ‘ಯುಟೋಪಿಯಾ’ದಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಬೇಕಾದರೆ ಅಧಿಕಾರಿಯ ಪತ್ರ ಬೇಕು, ಮರಳುವ ದಿನವೂ ಅದರಲ್ಲೇ ನಮೂದಾಗಿರುತ್ತದೆ. ಎತ್ತಿನ ಗಾಡಿಯನ್ನು ಸರ್ಕಾರವೇ ಕೊಡುತ್ತದೆ. ಪತ್ರವಿಲ್ಲದೆ ಎರಡನೆಯ ಸಲ ಸಿಕ್ಕಿಬಿದ್ದವನು ಗುಲಾಮ. ಸ್ವಿಫ್ಟ್ 1726ರಲ್ಲಿ ಕಲ್ಪಿಸಿದ ಲಪುಟಾ ದ್ವೀಪ ಅಯಸ್ಕಾಂತದ ಬಲದಿಂದ ಆಕಾಶದಲ್ಲಿ ತೇಲುತ್ತದೆ. ರಾಜ ಅದನ್ನು ಬಳಸುವುದು ದಂಗೆಯೆದ್ದ ಊರಿನ ಮೇಲೆ ನಿಲ್ಲಿಸಿ ಬಿಸಿಲು ಮಳೆಗಳನ್ನು ತಡೆಯುವುದಕ್ಕೆ. ವಾಹನ ಎಷ್ಟೇ ಅದ್ಭುತವಾಗಿರಲಿ, ಅದು ಯಾರ ಇಚ್ಛೆಯಂತೆ ಚಲಿಸುತ್ತದೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಈ ಪ್ರಶ್ನೆಯನ್ನು ರೊಕೇಯಾ ಕಲ್ಪನೆಯಲ್ಲಿ ಮಾತ್ರವಲ್ಲ, ಒಂದು ಬಸ್ಸಿನ ಮೂಲಕವೂ ಎದುರಿಸಿದರು. ಪತಿ ತೀರಿಕೊಂಡ ಬಳಿಕ 1911ರಲ್ಲಿ ಕೊಲ್ಕತ್ತದಲ್ಲಿ ಎಂಟು ಹುಡುಗಿಯರೊಂದಿಗೆ ಸಖಾವತ್ ಸ್ಮಾರಕ ಶಾಲೆ ತೆರೆದರು. ಮುಂದೆ ಮಕ್ಕಳನ್ನು ಕರೆತರಲು ಮೋಟಾರು ಬಸ್ಸು ಬಂತು. ಪರದೆಗೆ ಭಂಗ ಬಾರದಂತೆ ಅದನ್ನು ಎಲ್ಲ ಕಡೆಯಿಂದ ಮುಚ್ಚಿಸಲಾಗಿತ್ತು. ಕತ್ತಲಿಗೂ ಸೆಕೆಗೂ ಮಕ್ಕಳು ವಾಂತಿ ಮಾಡಿಕೊಂಡರು, ಮೂರ್ಛೆ ಹೋದರು. ರಸ್ತೆಯಲ್ಲಿ ಅದನ್ನು ಕಂಡ ಪರಿಚಿತರೊಬ್ಬರು, ದೊಡ್ಡ ಬೀರು ಉರುಳಿ ಬರುತ್ತಿದೆ ಎಂದುಕೊಂಡರಂತೆ. ಮುಚ್ಚಳ ತೆಗೆಸಿ ಪರದೆ ಕಟ್ಟಿಸಿದ್ದೇ ತಡ, ಗಾಳಿಗೆ ಪರದೆ ಹಾರುತ್ತದೆ, ಸರಿಪಡಿಸದಿದ್ದರೆ ಪತ್ರಿಕೆಗಳಿಗೆ ಬರೆಯುತ್ತೇವೆ ಎಂಬ ಬೆದರಿಕೆಯ ಪತ್ರಗಳು ಬಂದವು. ಮುಚ್ಚಿದರೆ ಮಕ್ಕಳು ಉಸಿರುಗಟ್ಟುತ್ತಾರೆ, ತೆರೆದರೆ ಶಾಲೆಯೇ ಮುಚ್ಚಬೇಕಾಗುತ್ತದೆ. ಇಂಥ ಇಕ್ಕಟ್ಟಿನಲ್ಲೇ ಅವರು ಶಾಲೆಯನ್ನು ಕೊನೆಯವರೆಗೂ ನಡೆಸಿದರು.

ನನ್ನ ವಿದ್ಯಾರ್ಥಿನಿಯ ಬಸ್ಸಿನ ಕಿಟಕಿಗಳು ತೆರೆದೇ ಇದ್ದವು. ಆದರೂ ಅಂತಿಮ ವರ್ಷಕ್ಕೆ ಅವಳು ಬರಲಿಲ್ಲ. ಆ ವರ್ಷ ತರಗತಿಗಳು ಐದರವರೆಗೆ ನಡೆಯುತ್ತಿದ್ದವು. ಐದೂವರೆಯ ಬಸ್ಸು ತಪ್ಪಿದರೆ ಹೆದ್ದಾರಿಯ ಕ್ರಾಸಿನಲ್ಲಿ ಇಳಿದು ಎರಡು ಮೈಲಿ ನಡೆಯಬೇಕಿತ್ತು. ಒಮ್ಮೆ ಸಂತೆಯಲ್ಲಿ ಅವಳ ಅಣ್ಣ ಸಿಕ್ಕಿದ. ‘ಓದಿಸಬಾರದು ಅಂತಲ್ಲ ಸಾರ್. ಕತ್ತಲಲ್ಲಿ ಒಬ್ಬಳೇ ನಡೆದು ಬಂದರೆ ಊರವರು ಏನಂತಾರೆ?’ ಎಂದ. ಕೆಟ್ಟವನಲ್ಲ, ತಂಗಿಯ ಮೇಲೆ ಪ್ರೀತಿಯಿದ್ದವನೇ. ನಾನು ಆ ಊರಿಗೆ ಕೆಲಸಕ್ಕೆ ಸೇರಲು ರಾತ್ರಿ ಬಸ್ಸಿನಲ್ಲಿ ಬಂದು ಇಳಿದಿದ್ದೆ. ಏಕೆ ಬಂದೆ, ಯಾರ ಜೊತೆ ಬಂದೆ ಎಂದು ಒಬ್ಬರೂ ಕೇಳಿರಲಿಲ್ಲ. ಅದನ್ನು ಅವನಿಗೆ ಹೇಳಬೇಕೆನ್ನಿಸಿತು. ಹೇಳಲಿಲ್ಲ.

2023ರ ಜೂನ್ 11ರಂದು ಕರ್ನಾಟಕದಲ್ಲಿ ‘ಶಕ್ತಿ’ ಯೋಜನೆ ಜಾರಿಗೆ ಬಂದು, ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಸಾಧ್ಯವಾಯಿತು. ಆಗ ಕೇಳಿಬಂದ ಗೇಲಿ ನೆನಪಿದೆ: ಹೆಂಗಸರು ಕೆಲಸವಿಲ್ಲದೆ ದೇವಸ್ಥಾನ ಸುತ್ತುತ್ತಾರೆ, ಗಂಡಸರಿಗೆ ಸೀಟೇ ಇಲ್ಲ. ಬೊಕ್ಕಸಕ್ಕೆ ಬೀಳುವ ಹೊರೆಯ ಬಗ್ಗೆ ಚರ್ಚೆ ನಡೆಯಲಿ, ತಪ್ಪಿಲ್ಲ. ಆದರೆ ‘ಕೆಲಸವಿಲ್ಲದೆ’ ಎಂಬ ಆ ಮಾತು ಯುಟೋಪಿಯಾದ ಅನುಮತಿ ಪತ್ರವನ್ನೇ ಕೇಳುತ್ತಿದೆ. ಗಂಡಸರು ಕಾರಣವಿಲ್ಲದೆ ಊರು ಸುತ್ತಿದರೆ ಅದು ಪ್ರವಾಸ. ಸುಲ್ತಾನಾ ಕೂಡ ನಾರಿದೇಶಕ್ಕೆ ಹೋದದ್ದು ಯಾವ ಕೆಲಸಕ್ಕೂ ಅಲ್ಲ, ಸುಮ್ಮನೆ ನೋಡುವುದಕ್ಕೆ.

ಹಾಗೆಂದು ಟಿಕೆಟ್ಟಿನ ಹಣ ಉಳಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಬಸ್ಸೇ ಇಲ್ಲದ ಹೊತ್ತಿನಲ್ಲಿ ಉಚಿತ ಟಿಕೆಟ್ಟಿನಿಂದ ಪ್ರಯೋಜನವೇನು? ನಿಲ್ದಾಣದಲ್ಲೊಂದು ದೀಪ, ಬಳಸಬಹುದಾದ ಶೌಚಾಲಯ, ಕತ್ತಲಾದ ಮೇಲೂ ಹಳ್ಳಿಯ ಒಳಗೇ ಬಂದು ನಿಲ್ಲುವ ಒಂದು ಬಸ್ಸು. ಇವು ಆಕಾಶಗಾಡಿಯಷ್ಟು ಕಷ್ಟದ ಕೆಲಸಗಳಲ್ಲ. ಹೊಸ ವಿಮಾನ ನಿಲ್ದಾಣದ ಬಗ್ಗೆ ನಾವು ಆಡುವ ಮಾತಿನಲ್ಲಿ ಒಂದು ಪಾಲಾದರೂ ಕೊನೆಯ ಬಸ್ಸಿನ ವೇಳೆಗೆ ಮೀಸಲಾಗಲಿ.

ಕಥೆಯ ಕೊನೆಗೆ ಸುಲ್ತಾನಾ ಆಕಾಶಗಾಡಿಯಿಂದ ಜಾರಿ ಬಿದ್ದು, ತನ್ನ ಕೋಣೆಯ ಆರಾಮ ಕುರ್ಚಿಯಲ್ಲಿ ಎಚ್ಚರಗೊಳ್ಳುತ್ತಾಳೆ. ರೊಕೇಯಾ ಅವರ ಕನಸು ಮಾತ್ರ ಅಲ್ಲಿಗೇ ಮುಗಿಯಲಿಲ್ಲ. 1930ರಲ್ಲಿ, ಐವತ್ತರ ವಯಸ್ಸಿನಲ್ಲಿ, ಅವರು ನಿಜವಾದ ವಿಮಾನವೇರಿ ಐವತ್ತು ಮೈಲಿ ಹಾರಿದರು. ಆ ಅನುಭವವನ್ನು ಬಂಗಾಳಿಯಲ್ಲಿ ಬರೆದರು. ಎರಡು ವರ್ಷಗಳ ನಂತರ ತೀರಿಕೊಂಡರು. ಕಲ್ಪನೆಯಿಂದ ಆಕಾಶಕ್ಕೆ ಏರಲು ಅವರಿಗೆ ಇಪ್ಪತ್ತೈದು ವರ್ಷ ಹಿಡಿಯಿತು.

ಕಳೆದ ವರ್ಷ ಮದುವೆಯೊಂದಕ್ಕೆ ನನ್ನ ಹಳೆಯ ಊರಿಗೆ ಹೋಗಿದ್ದೆ. ಬಸ್ ನಿಲ್ದಾಣಕ್ಕೆ ಹೊಸ ಚಾವಣಿ ಬಂದಿದೆ. ವೇಳಾಪಟ್ಟಿಯ ಫಲಕದಲ್ಲಿ ಆ ಹುಡುಗಿಯ ಊರಿನ ಹೆಸರು ಹುಡುಕಿದೆ. ಕೊನೆಯ ಬಸ್ಸು ಈಗ ಆರೂಕಾಲಿಗೆ. ಇಪ್ಪತ್ತು ವರ್ಷಗಳಲ್ಲಿ ನಾವು ಮುಂದೆ ಬಂದಿರುವುದು ಮುಕ್ಕಾಲು ಗಂಟೆ.