ಬಾಯ್ಕಾಟನ ಹೆಸರೂ ನಮ್ಮ ಬಹಿಷ್ಕಾರವೂ

ಆಂಗ್ಲ ಭಾಷೆಯ 'ಬಾಯ್ಕಾಟ್' ಶಬ್ದವನ್ನು ನಾವು 'ಬಹಿಷ್ಕಾರ'ವೆಂದು ಭಾಷಾಂತರಿಸಿಕೊಂಡು ನಿಶ್ಚಿಂತರಾಗಿರುವೆವು. ಆದರೆ ಹುಟ್ಟನ್ನು ನೋಡಿದರೆ ಇವೆರಡೂ ಒಂದೇ ಕುಲದವಲ್ಲವೆಂಬುದು ವಾಚಕರಿಗೆ ಗೊತ್ತಾಗುವದು.

ಬಾಯ್ಕಾಟ್ ಎಂಬುದು ಓರ್ವ ಮನುಷ್ಯನ ಹೆಸರು. ಐರ್ಲಂಡದ ಮೇಯೋ ಪ್ರಾಂತದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನುದಾರನ ಕಾರಭಾರಿಯಾಗಿದ್ದ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟನು 1880ರಲ್ಲಿ, ರೈತರು ಕೇಳಿದಷ್ಟು ಗೇಣಿ ಇಳಿಸದೆ, ಅವರನ್ನು ಒಕ್ಕಲೆಬ್ಬಿಸಲು ಹವಣಿಸಿದನು. ಅನ್ಯರನ್ನು ಹೊರಹಾಕಿದ ಹೊಲವನ್ನು ಹಿಡಿದವನನ್ನು ಕೊಲ್ಲದೆ ದೂರವಿಡಿರೆಂದು ಪಾರ್ನೆಲ್ಲನು ಎನ್ನಿಸ್ ಊರಿನ ಸಭೆಯಲ್ಲಿ ಹೇಳಿದ್ದೂ ಅದೇ ಸಪ್ಟೆಂಬರದಲ್ಲಿ. ರೈತರು ಆ ಹಾದಿಯನ್ನು ಕಾರಭಾರಿಯ ಮೇಲೆಯೇ ಹಿಡಿದರು. ಆಳುಗಳು ಕೆಲಸ ಬಿಟ್ಟರು. ಅಂಗಡಿಕಾರರು ಸಾಮಾನು ಕೊಡಲೊಲ್ಲೆನೆಂದರು. ಬೆಳೆಯನ್ನು ಕೀಳಲು ಅಲ್ಸ್ಟರಿನಿಂದ 50 ಜನರು ಬರಬೇಕಾಯಿತು; ಅವರ ಕಾವಲಿಗೆ ಸೈನ್ಯ! ಬೆಳೆಯ ಬೆಲೆಗಿಂತ ಕಾವಲಿನ ವೆಚ್ಚವೇ ಎಷ್ಟೋ ಪಟ್ಟು ಹೆಚ್ಚಾಯಿತು. ಡಿಸೆಂಬರದಲ್ಲಿ ಕ್ಯಾಪ್ಟನನು ಐರ್ಲಂಡವನ್ನು ಬಿಟ್ಟನು. ಹೆಸರು ಮಾತ್ರ ಕ್ರಿಯಾಪದವಾಗಿ ನಿಂತು ಫ್ರೆಂಚ್, ಜರ್ಮನ್ ಭಾಷೆಗಳನ್ನೂ ಹೊಕ್ಕಿತು. ಇಂಥ ಅಮರತ್ವವನ್ನು ಯಾರೂ ಬಯಸಲಾರರು!

1905ರ ವಂಗಭಂಗದ ಕಾಲದಲ್ಲಿ ವಿಲಾಯತಿ ಬಟ್ಟೆಯ ಮೇಲೆ ಪ್ರಯೋಗಿಸಲ್ಪಟ್ಟದ್ದು ಈ ಬಾಯ್ಕಾಟವೇ. ನಮ್ಮ ಹಳೆಯ ಬಹಿಷ್ಕಾರವಾದರೋ, ಜಾತಿಯ ಪಂಚರು ಒಬ್ಬ ಬಡವನ ಬೆಂಕಿ ನೀರುಗಳನ್ನು ನಿಲ್ಲಿಸುವದು. ಅಲ್ಲಿ ಬಲಹೀನರು ಬಲಿಷ್ಠನಿಂದ ಕೈ ತೆಗೆದರು. ಇಲ್ಲಿ ಬಲಿಷ್ಠರು ಬಲಹೀನನನ್ನು ಹೊರದೂಡುವರು. ಮಹಾರಾಷ್ಟ್ರವು 2016ರ ಕಾಯಿದೆಯಿಂದ ಅಪರಾಧವೆಂದು ಸಾರಿದ್ದು ಈ ಎರಡನೆಯದನ್ನು.

ಮತದಾನಕ್ಕೆ ಬಹಿಷ್ಕಾರ, ದಲಿತ ಕುಟುಂಬಕ್ಕೆ ಬಹಿಷ್ಕಾರ ಎಂದು ಒಂದೇ ಪುಟದಲ್ಲಿ ಅಚ್ಚಾದಾಗ ಓದುವವನು ಯಾವುದನ್ನು ಹೋರಾಟವೆಂದು, ಯಾವುದನ್ನು ದೌರ್ಜನ್ಯವೆಂದು ತಿಳಿಯಬೇಕು? ಮೊದಲನೆಯದಕ್ಕೆ 'ವರ್ಜನೆ' ಎನ್ನಬಹುದು. ಎರಡನೆಯದಕ್ಕೆ ಹಳೆಯ ಹೆಸರೇ ಇರಲಿ.