53,000 ಜನ ಎಲ್ಲಿ ಹೋದರು?

ಹೆಣ್ಣುಮಕ್ಕಳ ಫುಟ್‌ಬಾಲ್ ಎಂದರೆ ನಿನ್ನೆ ಮೊನ್ನೆ ಕಣ್ಣುಬಿಟ್ಟ ಕೂಸು, ಟಿ.ವಿ.ಯವರೂ ಪ್ರಾಯೋಜಕರೂ ಸೇರಿ ಕೈಹಿಡಿದು ನಡೆಸುತ್ತಿದ್ದಾರೆ ಎಂದು ನಂಬಿದವರು ಬಹಳ. ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಒಂದು ಕಾರ್ಖಾನೆ ತಂಡದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಟ್ರಾಮ್ ತಯಾರಿಸುತ್ತಿದ್ದ ಡಿಕ್, ಕೆರ್ ಕಂಪನಿ ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ತಯಾರಿಗೆ ಹೊರಳಿತು. ಗಂಡಸರು ರಣರಂಗಕ್ಕೆ, ಹೆಂಗಸರು ಕಾರ್ಖಾನೆಗೆ. ಬಿಡುವಿನಲ್ಲಿ ಚೆಂಡು ಒದೆಯುತ್ತಿದ್ದ ಆ ಹುಡುಗಿಯರು 1917ರ ಕ್ರಿಸ್‌ಮಸ್ ದಿನ ಡೀಪ್‌ಡೇಲ್ ಮೈದಾನದಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಗಾಗಿ ಆಡಿದಾಗ ಸುಮಾರು 10,000 ಜನ ಬಂದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಸೇಂಟ್ ಹೆಲೆನ್ಸ್ ವಿರುದ್ಧ ಆಡಿದಾಗ 53,000. ಒಳಗೆ ಜಾಗ ಸಿಗದೆ ಬಾಗಿಲಾಚೆ ಉಳಿದವರು ಇನ್ನೂ ಸಾವಿರಾರು.

ಅದೆಲ್ಲ ಯುದ್ಧಕಾಲದ ಕುತೂಹಲ, ದಾನಕ್ಕೆಂದು ಕೊಂಡ ಟಿಕೆಟ್ ಎನ್ನುವವರಿದ್ದಾರೆ. ದಾನದ ಮಾತು ಅರ್ಧ ನಿಜ. ಆದರೆ ಗಂಡಸರ ಲೀಗ್ 1919ರಲ್ಲೇ ಮರಳಿ ಶುರುವಾಗಿತ್ತು. ನೋಡಲು ಬೇರೇನೂ ಇಲ್ಲದೆ ಬಂದ ಜನ ಇವರಲ್ಲ. ಎಡಗಾಲಿನ ಬಿರುಸು ಹೊಡೆತದ ಲಿಲಿ ಪಾರ್ ಹದಿಹರೆಯದಲ್ಲೇ ಮನೆಮಾತಾಗಿದ್ದಳು. ಹೀಗೆ ಗ್ಯಾಲರಿ ತುಂಬುತ್ತಿದ್ದ ಹೊತ್ತಿನಲ್ಲೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ತೀರ್ಮಾನಿಸಿತು. ದಾನದ ಹಣದಲ್ಲಿ ಖರ್ಚಿನ ಪಾಲು ಅತಿಯಾಯಿತೆಂಬ ಆಕ್ಷೇಪವನ್ನೂ ಸೇರಿಸಿತು. ಆಡಬೇಡಿ ಎನ್ನುವ ಅಧಿಕಾರ ಅದಕ್ಕಿರಲಿಲ್ಲ. ತನ್ನ ಸದಸ್ಯ ಕ್ಲಬ್ಬುಗಳಿಗೆ ಮೈದಾನ ಕೊಡಬೇಡಿ ಎಂದಿತು, ಅಷ್ಟೇ. ಅಷ್ಟೇ ಸಾಕಾಯಿತು. ಗೋಡೆಯಿಲ್ಲದ ಬಯಲಿನಲ್ಲಿ ಟಿಕೆಟ್ ಹರಿಯುವುದು ಹೇಗೆ? ಟಿಕೆಟ್ ಇಲ್ಲದೆ ಪ್ರಯಾಣದ ಖರ್ಚಿಗೆ, ತರಬೇತಿಗೆ ಹಣವೆಲ್ಲಿ? ಡಿಕ್, ಕೆರ್ ತಂಡ ಮುಂದೆ ಪ್ರೆಸ್ಟನ್ ಲೇಡೀಸ್ ಎಂಬ ಹೆಸರಿನಲ್ಲಿ 1965ರ ತನಕ ಹಟ ಹಿಡಿದು ಆಡಿತು. ನಿರ್ಬಂಧ ತೆರವಾಗುವಷ್ಟರಲ್ಲಿ 1970 ದಾಟಿತ್ತು.

ಆದ್ದರಿಂದ ಇವತ್ತಿನ ಜನಪ್ರಿಯತೆಯನ್ನು ಹುಟ್ಟು ಎನ್ನುವುದಕ್ಕಿಂತ ಮರಳಿಕೆ ಎನ್ನುವುದೇ ಸರಿ. 2022ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾ-ವೋಲ್ಫ್ಸ್‌ಬರ್ಗ್ ಪಂದ್ಯಕ್ಕೆ ಕ್ಯಾಂಪ್ ನೌ ಮೈದಾನದಲ್ಲಿ 91,648 ಜನ ಸೇರಿದರು. ಅದೇ ವರ್ಷದ ಯೂರೋ ಫೈನಲ್‌ಗೆ ವೆಂಬ್ಲಿಯಲ್ಲಿ 87,192. ಇವು ಹಬ್ಬದ ದಿನದ ಲೆಕ್ಕ, ವಾರವಾರದ ಲೀಗ್ ಪಂದ್ಯಗಳಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು ಎಂಬ ಟೀಕೆಯನ್ನು ತಳ್ಳಿಹಾಕಲಾಗದು. ಆದರೆ ಇಂಗ್ಲೆಂಡಿನ ಮಹಿಳಾ ಸೂಪರ್ ಲೀಗ್ ಪೂರ್ಣ ವೃತ್ತಿಪರವಾದದ್ದೇ 2018ರಲ್ಲಿ. ಅಜ್ಜನಿಂದ ಮೊಮ್ಮಗನಿಗೆ ಇಳಿದುಬರುವ ಕ್ಲಬ್ ನಿಷ್ಠೆಯನ್ನು ಅದರಿಂದ ಈಗಲೇ ಕೇಳುವುದು ನ್ಯಾಯವಲ್ಲ. ಆಟದ ವೇಗ ಕಡಿಮೆ ಎಂಬ ಮಾತೂ ಇದೆ. ಬರೀ ವೇಗಕ್ಕಾಗಿಯೇ ಜನ ಬರುವುದಾದರೆ, 1961ರಲ್ಲಿ ಅಗ್ರ ಡಿವಿಷನ್‌ನಿಂದ ಇಳಿದು ಮತ್ತೆ ಮೇಲೇರದ ಪ್ರೆಸ್ಟನ್‌ನ ಗಂಡಸರ ತಂಡವನ್ನು ನೋಡಲು ಡೀಪ್‌ಡೇಲ್‌ಗೆ ಇಂದಿಗೂ ಯಾರು ಹೋಗುತ್ತಿದ್ದರು?

ನಮ್ಮಲ್ಲಿ ಅಂಥ ಆಜ್ಞೆ ಹೊರಡಿಸುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಭಾರತದ ವನಿತೆಯರು 1983ರಲ್ಲಿ ಏಷ್ಯಾ ಟೂರ್ನಿಯ ಎರಡನೇ ಸ್ಥಾನ ಪಡೆದರು. ಅವರಿಗೊಂದು ರಾಷ್ಟ್ರೀಯ ಲೀಗ್ ಸಿಕ್ಕಿದ್ದು 2016-17ರಲ್ಲಿ. ಆ ಲೀಗ್‌ನಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಫೈನಲ್ ತಲುಪಿತು. 2025ರ ಜುಲೈನಲ್ಲಿ ಥಾಯ್ಲೆಂಡಿನ ನೆಲದಲ್ಲೇ ಆ ದೇಶವನ್ನು 2-1ರಿಂದ ಸೋಲಿಸಿದ ಭಾರತ, ಅರ್ಹತಾ ಸುತ್ತು ಗೆದ್ದು ಏಷ್ಯಾ ಕಪ್‌ಗೆ ಹೊರಟಿತು.